ಎಣ್ಣಿ ಏರೂತನಕ

ನಸುಕಿನ್ಯಾಗ ಮೂರೂ ಇಪ್ಪತ್ತಕ್ಕ
ಕೇಶ್ವಾಪುರದ ನಮ್ಮ ಓಣಿಯೊಳಗ
ಮೊದಲು ಕೆಮ್ಮಾಂವ ನಾನು,
ನನ್ನ ಹಿಂದ ಓಮ್ನಿ.
ಪೇಪರಿನ ಬಂಡಲು ಅಣ್ಣಿಗೇರಿ ದಾಟಿ ಗದಗ ಮುಟ್ಟಬೇಕು,
ಐದಕ್ಕ ಮುಟ್ಟಲಿಲ್ಲಂದ್ರ ಬೆಟಗೇರಿ ಹುಡುಗೂರು
ಸೈಕಲ್ಲು ತಿರುವಿ ಮನಿ ಹಾದಿ ಹಿಡೀತಾರ.

ಕೀಲಿ ತಿರುವೋದು, ಎಕ್ಸಲೇಟರ್ ಒತ್ತೋದು
ಎರಡೂ ನನಗ ಒಂದ ಕೆಲಸಿತ್ತು.
ಸೀಟಿನ ಬುಡಕ ಇಂಜಿನ್ನು
ಡಬ್ಬಿಯೊಳಗಿನ ಚಿಲ್ಲರಿ ಅಲುಗಿಸಿಧಂಗ
ಟಕಟಕ ಟಕಟಕ ಅಂದು
ಓಣಿ ತಿರುವಿಗೆ ಸುಮ್ಮನಾಗತಿತ್ತು.
ಸುಮ್ಮನಾದದ್ದನ್ನ ಆರಾಮಾತು ಅಂತ ತಿಳದಿದ್ದೆ.

ಎಣ್ಣಿ ಹಾಕಸಾಕ ಹೋದಾಗೆಲ್ಲ
"ಇದ್ದದ್ರಾಗ ಗಟ್ಟಿದು ಕೊಡ್ರಿ" ಅಂತಿದ್ದೆ.
ಗಟ್ಟಿ ಹಾಲು, ಗಟ್ಟಿ ಮೊಸರು, ಗಟ್ಟಿ ಮನಿತನ;
ನಮ್ಮ ಕಡೆ ತೆಳ್ಳಂದಕ್ಕ ಯಾರು ಬೆಲಿ ಕೊಡತಾರ?
ಲಾರಿಗೆ ಹಾಕೋ ಎಣ್ಣಿ ಹಾಕ್ಸಿ
ಮಗಗ ತುಪ್ಪ ಉಣಿಸಿಧಂಗ ಹಿಗ್ಗಿದ್ದೆ.

ಎಂಟನೇ ವರ್ಷದ ಮಾಗಿಗೆ
ಅದು ಸುಮ್ಮನಾಗಲೇ ಇಲ್ಲ.

ಗಿರಣಿಚಾಳದ ಹಜರೇಸಾಬಗ ಒಂದು ಕಿವಿ ಕೇಳೂದಿಲ್ಲ.
ಸೀಟು ಎತ್ತಿದ. ಉದ್ದನ್ನ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿಕಿ ಕೇಳದ ಕಿವಿಯ ಹಿಂದಿನ ಎಲವಿಗೆ ಊರಿ
ಕಣ್ಣು ಮುಚ್ಚಿದ.
"ಬಿಚ್ಚಬೇಕು," ಅಂದ.

ಕ್ಯಾಮ್ ಶಾಫ್ಟು ನನ್ನ ಅಂಗೈಮ್ಯಾಲೆ ಇಟ್ಟು
"ಉಗುರು ಹಚ್ಚಿ ನೋಡ್ರಿ, ಮೂಗು ಎಲ್ಲೈತಿ?"
ಮೂಗಿದ್ದಲ್ಲಿ ಗೀರು, ನುಣುಪಿದ್ದಲ್ಲಿ ತಗ್ಗು.
ನಾ ರಸ್ತೆ ಬಯ್ದೆ, ಬ್ಯಾಸಗಿ ಬಯ್ದೆ,
ಬಂಡಲಿನ ಭಾರ ಬಯ್ದೆ.
"ದಾರಿ ತಿಂದಿಲ್ರಿ ಇದನ್ನ,
ನಿಮ್ಮ ಅಂಗಳ ತಿಂದೈತಿ."

ರಾತ್ರಿ ಎಣ್ಣಿ ಎಲ್ಲಾ ಇಳದು ತಳಕ್ಕ ಮಲಗತೈತಂತ.
ಮ್ಯಾಲಿನವ್ರ ಪಾಲಿಗೆ ಒಂದೀಟು ಪಸಿ, ಅಷ್ಟ.
ಕೀಲಿ ತಿರುವಿದ ಮ್ಯಾಲೆ ಪಂಪು ಎತ್ತಿ ಕೊಡಬೇಕು,
ನಮ್ಮ ಓಣಿ ನಳದಂಗ
ತುದೀ ಮನಿಗೆ ಕಡೀಕ ಬರತೈತಿ.
ಥಂಡ್ಯಾಗ ಗಟ್ಟಿ ಎಣ್ಣಿಗೆ ಏರಾಕ ಬ್ಯಾಸರ;
ಅದು ಬರೂತನಕ ಲೋಹ ಲೋಹಾನ ತಿಕ್ಕತೈತಿ.

"ಹಂಗಂತ ಬರೇ ನೀರಿನಂಥಾದ್ದೂ ನಡ್ಯಾಂಗಿಲ್ರಿ,
ಏಪ್ರಿಲಿನ ಬಿಸಲಿಗೆ ಕಾದು ಪದರ ಹರೀತೈತಿ.
ಡಬ್ಬಿಮ್ಯಾಲೆ ಎರಡು ನಂಬರ ಅದಾವಲ್ಲ,
ಮೊದಲಿಂದು ನಸುಕಿಂದು, ಎರಡನೇದು ನಡುಹಗಲಿಂದು.
ನೀವು ಒಂದ ಓದೀರಿ."

ಸೀಮೆಸುಣ್ಣ ತಗೊಂಡು ಶಟರ್ ಮ್ಯಾಲೆ ಬರದ:
ದಿನಾ ನಾಕು ಸೆಕೆಂಡು,
ವರ್ಷಕ್ಕ ಮುನ್ನೂರೈವತ್ತು ನಸುಕು,
ಎಂಟು ವರ್ಷ.
ಮೂರು ತಾಸು, ಮ್ಯಾಲೆ ಚಿಲ್ಲರಿ.
ಎಂಟು ವರ್ಷದ ಸವಕಳಿ, ಹೆಚ್ಚಿನ ಪಾಲು,
ಒಂದು ಸಿನಿಮಾ ನೋಡೂ ಹೊತ್ತಿನ್ಯಾಗ ಮುಗದಿತ್ತು.
ಚಾ ಬಂತು. ನಾ ಮತ್ತೊಮ್ಮೆ ಗುಣಿಸಿದೆ.
ಬರೋಬ್ಬರಿತ್ತು.

ಈಗ ಹತ್ತು-ಮೂವತ್ತರ ಎಣ್ಣಿ.
ಸುರಿದ್ರ ಕುಸುಬಿ ಎಣ್ಣಿಯಂಗ ಹರೀತೈತಿ.
ಖರೇ ಹೇಳಬೇಕಂದ್ರ ಅದರ ಮ್ಯಾಲೆ
ನನಗಿನ್ನೂ ಪೂರ್ತಿ ನಂಬಿಗಿಲ್ಲ.
ಕೀಲಿ ತಿರುವಿ ಕಾಲು ಹಿಂದಕ್ಕ ತಗೋತೇನಿ.
ಮೀಟರಿನ ಪಕ್ಕ ಕೆಂಪು ಗಿಂಡಿ—
ಒಂದು. ಎರಡು. ಆರತೈತಿ.
ಆದ್ರೂ ಕೂಡತೇನಿ ಇನ್ನೊಂದೀಟು,
ಕೈ ಮಡಚಿ, ಬಾಡಿಗಿ ಮನ್ಯಾಗ ಬೀಗರು ಕೂತಂಗ.

ಗೇಟ್ ಹಾಕಾಕ ಬರೂ ನೀಲಗಂಗಾ
ಎಂಟು ವರ್ಷ ಆ ಹೊತ್ತಿನ್ಯಾಗ
ನನ್ನ ಬಾಯಿಂದ ಕೇಳಿದ್ದು ಒಂದ ಮಾತು:
"ಹಾಕ್ಕೋ ಲಗೂನ."
ಇವತ್ತು ಕಿಟಕಿಗೆ ಬಗ್ಗಿದಳು.
"ಯಾಕ, ಚಾಲೂ ಆಗವಲ್ದೇನು?"
"ಆಗೈತಿ. ಎಣ್ಣಿ ಏರಾಕತ್ತೈತಿ."

ಶಾಲು ತಲಿಮ್ಯಾಲೆ ಎಳಕೊಂಡು ಅಲ್ಲೇ ನಿಂತಳು.
"ಕೊಬ್ಬರಿ ಎಣ್ಣಿ ಬಾಟ್ಲಿ ಕಲ್ಲಾಗೈತಿ," ಅಂದಳು,
"ಹುಡುಗಿ ಜಡಿಗೆ ಹಚ್ಚಾಕ ಬೆರಳಿಗೂ ಬರವಲ್ದು."
"ಬಿಸಲಿಗಿಡು," ಅಂದೆ.
ಅಕಿ ಮಾಳಗಿ ಮ್ಯಾಲಿನ ಕತ್ತಲಿ ನೋಡಿ
ಸಣ್ಣಗ ನಕ್ಕಳು.
ಮೂರೂ ಇಪ್ಪತ್ತೊಂದು.