ತಗಡು ನೋಡಿ

ಚಾಂಗ್‌ಶಾದಲ್ಲಿ ರಾತ್ರಿ ಒಂದೂವರೆ.
ನಲವತ್ತಮೂರನೆಯ ಬಿಲ್ಲೆಯೂ ಕೈಕೊಟ್ಟಿತು.
ಪರದೆಯ ಮೇಲೆ ಗೆರೆ ಏರುತ್ತ ಇಳಿಯುತ್ತ
ಚೆನ್ನಾಗಿಯೇ ಇತ್ತು,
ಇನ್ನೂರ ಹನ್ನೊಂದನೆಯ ಸುತ್ತಿಗೆ
ಹೇಳದೆ ಕೇಳದೆ ನೆಲಕಚ್ಚಿತು.

ಪಾಂಗ್ ರುವೊಶಿ ಇಕ್ಕಳ ಹಿಡಿದು ಬಿಲ್ಲೆ ಬಿಚ್ಚುತ್ತಾಳೆ.
ಒದ್ದೆ ಗಾಜುನೂಲಿನ ಹಾಳೆ ತೂರಿ
ಆಚೆಗೆ ಇಣುಕಿದೆ ಸತುವಿನ ಮುಳ್ಳು.
ಬರಿಗಣ್ಣಿಗೆ ಬೂದು ಕಲೆ, ಅಷ್ಟೆ.
ಮಸೂರದಡಿಯಲ್ಲಿ ಪಾಪಾಸುಕಳ್ಳಿಯ ಬೇಲಿ.

ನನ್ನ ಭಾಷೆಯಲ್ಲಿ ಸತುವಿಗೂ ಸತ್ತದ್ದಕ್ಕೂ
ತಕಾರದ ಒಂದು ಒತ್ತಿನ ಅಂತರ.
ಅವಳಿಗದು ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಇಲ್ಲ.
ಅವಳಿಗೆ ಗೊತ್ತಿರುವುದು:
ಕರಗಿದ ಒಂದೊಂದು ಸತುವಿನ ಕಣಕ್ಕೂ
ಆರಾರು ನೀರು ಮುತ್ತಿಕೊಂಡಿರುತ್ತವೆ,
ಬೀಳ್ಕೊಡಲು ಬಂದು
ಬಸ್ಸನ್ನೇ ಹತ್ತಿಬಿಟ್ಟ ನೆಂಟರ ಹಾಗೆ.
ತಗಡಿನ ಹೊಸ್ತಿಲಿಗೆ ಬಂದು ಒಡೆದು ಗುಳ್ಳೆಯಾಗುತ್ತವೆ,
ಬೆಳ್ಳಗೆ ಹಕ್ಕಳೆಗಟ್ಟಿಸಿ ತಿನ್ನುತ್ತವೆ.
ಬೆಂಕಿ ಹಿಡಿಯದ ಬ್ಯಾಟರಿ ಬೇಕೆಂದು
ನೀರನ್ನು ಕರೆದವರು ನಾವೇ.

ಕಸದ ಬುಟ್ಟಿಗೆ ಹೊಸ ಚೀಲ ಹಾಕಲು ಬಂದ
ಕ್ವಾಂಗ್ ದೆಶೆಂಗ್ ಬಗ್ಗಿ ನೋಡಿದ.
ನದಿಯ ಮೇಲುಗಡೆ, ಈಗ ಮುಚ್ಚಿರುವ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ತೊಟ್ಟಿಯಿಂದ ಸತುವಿನ ಹಾಳೆ ಸುಲಿದವನು.
ಆಮ್ಲದ ಆವಿ ತಿಂದು
ಮುಂದಿನ ನಾಲ್ಕು ಹಲ್ಲು ಮೋಟು.

"ಗಡ್ಡ ಬಿಟ್ಟಿದೆ," ಅಂದ.
"ನಾವು ಮೂಳೆ ಅಂಟು ಹಾಕ್ತಿದ್ವಿ.
ಆಮೇಲೆ ಅತಿಮಧುರದ ಕಷಾಯ,
ನೊರೆ ಕಟ್ಟಿ ಆವಿ ಅಡಗಲಿ ಅಂತ."
"ಎಷ್ಟು?"
"ಎಷ್ಟು ಅಂದ್ರೆ..." ಬೆರಳು ಉಜ್ಜಿದ.
"ಕಡಿಮೆಯಾದ್ರೆ ಗಡ್ಡ. ಹೆಚ್ಚಾದ್ರೆ ಹಾಳೆ ಹಪ್ಪಳ,
ಮುಟ್ಟಿದ್ರೆ ಮುರಿಯುತ್ತೆ.
ತಗಡು ನೋಡಿ ಹಾಕೋದು."

ಅವಳ ಪುಸ್ತಕದಲ್ಲಿ ಯೂರಿಯಾ, ಗ್ಲೂಕೋಸ್, ಸ್ಯಾಕರಿನ್,
ಪಕ್ಕದಲ್ಲಿ ದಶಾಂಶ ಮೂರು ಸ್ಥಾನ.
ಹೊಟ್ಟೆಕಿಚ್ಚೋ ನಗುವೋ, ಏನೋ ಒಂದು ಬಂತು.
ಕೆಳಮಹಡಿಯ ಫ್ರಿಜ್ಜಿನಿಂದ ಜೆಲಟಿನ್ ಕದ್ದಳು,
ಕೆಮ್ಮಿಗೆಂದು ಇಟ್ಟ ಡಬ್ಬಿಯಿಂದ ಅತಿಮಧುರದ ಬೇರು.
ಸಾವಿರಕ್ಕೆ ಒಂದು ಪಾಲು. ತೂಗಿದಳು, ಬಿಡಲಾರಳು ತೂಗುವುದನ್ನು.

ಮೊನೆ ಎಲ್ಲೋ ಅಲ್ಲೇ ಹೋಗಿ ಕೂರುತ್ತದೆ ಅಂಟು,
ಸಾಲಿನಲ್ಲಿ ತಲೆಯೆತ್ತಿ ನುಗ್ಗುವವನ ಹೆಗಲ ಮೇಲೆ
ಕೈಯಿಟ್ಟು "ತಾಳೋ" ಅನ್ನುವಂತೆ.
ಹೀಗಂತ ಅವಳ ಊಹೆ. ಕಂಡವರಿಲ್ಲ.

ಅತಿಮಧುರದ ಬಿಲ್ಲೆ ತೊಂಬತ್ತಕ್ಕೇ ಸತ್ತಿತು.
ಅಂಟಿನದು ಇನ್ನೂರ ಹನ್ನೊಂದು ದಾಟಿತು,
ಬುಧವಾರ ದಾಟಿತು, ಹಬ್ಬದ ರಜೆ ದಾಟಿತು.
ಕ್ವಾಂಗ್ ದಿನವೂ ಬಂದ, ಚೀಲ ಬದಲಿಸಿದ,
ಒಮ್ಮೆಯೂ ಕೇಳಲಿಲ್ಲ.

ಆಕರ ಎಂಬ ಅಂಕಣದಲ್ಲಿ ಅವನ ಹೆಸರು ಬರೆದು
ಒಡೆದಳು. ಮತ್ತೆ ಬರೆದಳು.

ಏಳುನೂರ ಆರಕ್ಕೆ ಪ್ರೊಫೆಸರರ ಸಂದೇಶ:
ಕಾರಣ ಏನು?
ಏಳುನೂರ ಏಳು.
ಅವಳು ಒತ್ತಿದಳು:
ತಗಡು ನೋಡಿ ಹೇಳ್ತೀನಿ.