ಗುಂಡಿ

ಸದ್ದು ಕೇಳಿಸಿದ ಕೂಡಲೇ ಗುಂಡಿ ಒತ್ತಿ,
ಎಷ್ಟೇ ಸಣ್ಣದಿರಲಿ,
ಅನುಮಾನವಿದ್ದರೂ ಒತ್ತಿ.
ದಿನಕ್ಕೆ ಹತ್ತು ಸಲ ಹೇಳುವ ಮಾತು. ಹೇಳಿ,
ನೆವಿಲ್ ಪ್ಯಾಸ್ಕೋ ಅವರನ್ನು ಗೂಡಿನೊಳಗೆ ಕೂರಿಸಿ
ಎಡಕ್ಕೆ ನೀಲಿ ಬಲಕ್ಕೆ ಕೆಂಪು ಹೆಡ್‌ಫೋನ್ ತೊಡಿಸಿದೆ.

ಬಾಗಿಲು ಹಾಕಲೇಬೇಕಾ ಅಂದರು.
ಹಾಕದಿದ್ದರೆ ಪರೀಕ್ಷೆ ಆಗದು ಅಂದೆ.
ನಾನು ಕೆಲಸ ಮಾಡಿದ ಕಡೆ ಬಾಗಿಲು ತೆರೆದೇ ಇರುತ್ತಿತ್ತು
ಅಂದು ನಕ್ಕರು.
ಬೂಟಿನ ಅಂಚಿಗೆ ಕಿಂಗರಾಯ್‌ನ ಕೆಂಪು ಮಣ್ಣು, ಇನ್ನೂ ಹಸಿ.
ಮೇಜಿನ ಮೇಲೆ ನನಗೆಂದು ತಂದ ಒಂದು ಚೀಲ ಕಡಲೆಕಾಯಿ.

ಸಾವಿರ ಹರ್ಟ್ಸ್. ಒತ್ತಿದರು.
ಎರಡು ಸಾವಿರ. ತಡವಾಗಿ ಒತ್ತಿದರು.
ನಾಲ್ಕು ಸಾವಿರ,
ಜೀರುಂಡೆ, ಮಕ್ಕಳ ಪಿಸುಮಾತು ಇರುವ ಜಾಗ.
ಏರಿಸಿದೆ, ಏರಿಸಿದೆ, ಇನ್ನೂ ಏರಿಸಿದೆ.
ಹೆಬ್ಬೆರಳು ಅಲುಗಲಿಲ್ಲ.
ಕಾಗದದ ಮೇಲೆ ಗೆರೆ ಅಲ್ಲಿ ದಡಕ್ಕನೆ ಕುಸಿಯಿತು.
ನನ್ನ ಭಾಷೆಯಲ್ಲಿ ಅದಕ್ಕೂ ಗುಂಡಿ ಎಂದೇ ಹೆಸರು.
ಬಲಗಿವಿಯದು ಇನ್ನೂ ಆಳ.
ಎಂಜಿನ್ ಆ ಕಡೆಗಿತ್ತು ಅಂದರು.

ಲಾಟರಿಯಲ್ಲಿ ನನ್ನ ಹುಟ್ಟಿದ ದಿನ ಬಂದಿರಲಿಲ್ಲ,
ನಾನಾಗಿಯೇ ಹೋದೆ ಅಂದರು.
ಇಲ್ಲಿಂದ ಮುಂದೆ ನನ್ನ ಬಹುವಚನ ಕೈಕೊಡುತ್ತದೆ.
ಇಪ್ಪತ್ತೊಂದರ ಹುಡುಗನನ್ನು ಅವರು ಅನ್ನಲು ನಾಲಗೆ ಹೊರಳದು.

ವಿಯೆಟ್ನಾಮಿನ ಗದ್ದೆಗಳ ಮೇಲೆ ಅವನು,
ಸೊಂಟಕ್ಕೆ ಒಂದು ಪಟ್ಟಿ, ಕಾಲ ಕೆಳಗೆ ಗಾಳಿ,
ಜೋಡಿ ಬಂದೂಕಿಗೆ ಎರಡು ಹೆಬ್ಬೆರಳು.
ಮರದ ಸಾಲಿನಲ್ಲಿ ಮಿಣುಕಿದರೆ ಒತ್ತಬೇಕು.
ಅನುಮಾನವಿದ್ದರೂ ಒತ್ತಬೇಕು.
ಅವನಿಗೂ ಯಾರೋ ಇದನ್ನೇ ಹೇಳಿದ್ದರು.
ಕಾದ ಹಿತ್ತಾಳೆಯ ಖಾಲಿ ತೋಟಾಗಳು
ಗದ್ದೆಯ ನೀರಿಗೆ ಬಿದ್ದು ಚುಂಯ್ ಅಂದಿರಬೇಕು,
ಅವನಿಗೆ ಕೇಳಿಸಿಲ್ಲ.
ಒಮ್ಮೆ ಒಂದು ಎಮ್ಮೆ, ಪಕ್ಕದಲ್ಲಿ ಒಂದು ಟೊಪ್ಪಿ.
ಮೇಲಿನಿಂದ ಟೊಪ್ಪಿಯಷ್ಟೇ ಕಾಣುವುದು, ಅಂದರು,
ಕೆಳಗಿದ್ದವರ ವಯಸ್ಸು ಕಾಣುವುದಿಲ್ಲ.
ಒತ್ತಿದಿರಾ ಎಂದು ಕೇಳಲಿಲ್ಲ.
ನನ್ನ ಫಾರಂನಲ್ಲಿ ಆ ಕಾಲಂ ಇಲ್ಲ.

ಕಾಡಿನ ನೆತ್ತಿಗೆ ನಿಂತು ತಂತಿ ಇಳಿಬಿಟ್ಟು
ಒಬ್ಬನನ್ನು ಒಳಗೆಳೆದುಕೊಂಡರಂತೆ.
ಅವನೂ ಇದೇ ಪ್ರಾಯದವನು. ತುಟಿ ಆಡಿಸಿದ,
ಎರಡು ಸಲ, ಒಂದೇ ಮಾತು.
ರೆಕ್ಕೆಯ ಬಡಿತದಲ್ಲಿ ಅದು ಬಾಗಿಲಿಂದಾಚೆ ಹಾರಿಹೋಯಿತು.
ತುಟಿ ಮುಚ್ಚಿ ತೆರೆದದ್ದು ಮಾತ್ರ ಕಂಡಿತು ಅಂದರು.
ಪ ಇರಬಹುದು, ಬ, ಮ ಕೂಡ.
ನೋಡುವವರಿಗೆ ಮೂರೂ ಒಂದೇ.
ಮೈಸೂರಿನಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ ಇದನ್ನು;
ಅವರಿಗೆ ಹೇಳಲಿಲ್ಲ.

ಆಮೇಲೆ ಮಾತಿನ ಪರೀಕ್ಷೆ.
ನಿಯಮದಂತೆ ಬಾಯಿಗೆ ಕಾಗದ ಅಡ್ಡ ಹಿಡಿದೆ.
ಗಾಜಿನಾಚೆ ಕೈಯೆತ್ತಿದರು:
ಅದೊಂದು ಬೇಡ, ಲವ್. ಅದನ್ನು ತೆಗಿ.
ನಮ್ಮ ಕಡೆ ತಾಯಿ ಅಂದ ಹಾಗೆ, ಆ ಲವ್.
ತೆಗೆದೆ. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಸರಿ.
ಆ ಅಂಕ ಲೆಕ್ಕಕ್ಕಿಲ್ಲ.

ಕೊನೆಗೆ ಮತ್ತೆ ತಗ್ಗು ಸ್ವರ, ಇನ್ನೂರೈವತ್ತು.
ನಾನಿನ್ನೂ ಕೀಲಿ ಮುಟ್ಟಿಲ್ಲ, ಒತ್ತಿದರು.
ಮತ್ತೆ ಒತ್ತಿದರು. ಕಣ್ಣು ಮುಚ್ಚಿತ್ತು, ಭುಜ ಬಿಗಿದಿತ್ತು.
ಇಲ್ಲದ ಸದ್ದಿಗೆ ಉತ್ತರ, ಎಂದು ಬರೆದುಕೊಂಡೆ.
ಒಂದು ನಿಮಿಷ ಕಳೆದಿರಬೇಕು,
ಕಿಟಕಿ ಸಣ್ಣಗೆ ನಡುಗಿತು, ಕಡಲೆಕಾಯಿ ಚೀಲವೂ.
ಊರಿನ ಸೈಲೋಗಳ ಮೇಲಿಂದ
ಆಸ್ಪತ್ರೆಯ ಹೆಲಿಕಾಪ್ಟರ್ ಇಳಿಯುತ್ತಿತ್ತು;
ಎಲ್ಲೋ ಟ್ರ್ಯಾಕ್ಟರ್ ಮಗುಚಿತ್ತಂತೆ.
ಬರೆದದ್ದನ್ನು ಹೊಡೆದುಹಾಕಿದೆ.

ಹೊರಬಂದು ಕೇಳಿದರು:
ಮೊಮ್ಮಗಳ ಮಾತು ಬೇಕು.
ಈ ಕೆಳಗಿನದನ್ನು ಸ್ವಲ್ಪ ತಗ್ಗಿಸಲಾಗುತ್ತಾ?
ಆಗುತ್ತೆ ಅಂದೆ.
ಯಂತ್ರದ ಮಟ್ಟಿಗೆ ಅದು ನಿಜ.

ಹೊರಡುವ ಮುನ್ನ ಚೀಲದಿಂದ ಒಂದು ಕಾಯಿ ತೆಗೆದು
ಎರಡು ಹೆಬ್ಬೆರಳು ಸೇರಿಸಿ ಒತ್ತಿದರು.
ಟಪ್.
ನನಗೆ ಕೇಳಿಸಿತು.
ಅವರು ನನ್ನ ಮುಖ ನೋಡುತ್ತಿದ್ದರು.