ದಿನಕ್ಕೆ ಐವತ್ತು ಶಿಲ್ಲಿಂಗ್

ಹಳೆಯದು ಕೆಟ್ಟದ್ದಲ್ಲ, ನೀರಿಗೆ ಬಿತ್ತು.
ಡುಂಗಾ ದಡಕ್ಕೆ ದೋಣಿ ಬರುವ ನಸುಕು,
ಬುಟ್ಟಿ ಎತ್ತಲು ಬಾಗಿದೆ, ಎದೆಯೊಳಗಿಂದ ಜಾರಿ
ಮೊಣಕಾಲುದ್ದದ ನೀರಲ್ಲಿ
ಟಾರ್ಚು ಉರಿಸಿಕೊಂಡೇ ಇಳಿಯಿತು ಕೆಳಗೆ.
ಮುಲಿಕಾ ಮ್ವಿಜಿ ಎನ್ನುತ್ತೇವೆ ಅದಕ್ಕೆ,
ಕಳ್ಳನ ಮೇಲೆ ಬೆಳಕು ಚೆಲ್ಲು ಅಂತ.
ವಾರಕ್ಕೊಮ್ಮೆ ಉಣಿಸಿದರೆ ಸಾಕಿತ್ತು.

ಕಿಸುಮು ಪೇಟೆಗೆ ಹೋದೆ.
ಬಸ್ ನಿಲ್ದಾಣದ ಹಿಂದಿನ ಅಂಗಡಿ, ಒಗೋಲಾ ಅಂತ ಹುಡುಗ,
ಹಲ್ಲಿಗಿಂತ ಬಿಳಿ ಅಂಗಿ.
ಮುಂಗಡ ಎರಡು ಸಾವಿರ,
ಆಮೇಲೆ ದಿನಕ್ಕೆ ಐವತ್ತು ಶಿಲ್ಲಿಂಗ್, ವರ್ಷವಿಡೀ.
ಒಂದು ದಿನ ತಪ್ಪಿದರೆ?
ಫೋನು ತಾನೇ ಬಾಗಿಲು ಹಾಕಿಕೊಳ್ಳುತ್ತೆ, ಅಮ್ಮಾ.
ನನ್ನ ಗಂಡನಿಗೂ ಇದೇ ಚಾಳಿಯಿತ್ತು ಎಂದೆ.
ಅವನಿಗೆ ನಗು ಬರಲಿಲ್ಲ.

ಈಗಷ್ಟೇ ಸಿಕ್ಕ ಜಿಲೇಬಿ ಮೀನಿನ ಹಾಗೆ
ತಣ್ಣಗೆ, ನುಣ್ಣಗೆ;
ಬೆರಳು ತೂರಿಸಿ ಹಿಡಿಯೋಣವೆಂದರೆ ಕಿವಿರಿಲ್ಲ.

ಹೆಬ್ಬೆರಳು ಒತ್ತಿ ಎಂದ. ಒತ್ತಿದೆ.
ಇನ್ನೊಮ್ಮೆ ಎಂದ. ಒತ್ತಿದೆ.
ಲೇಸೊಗೆ ಒರೆಸಿಕೊಂಡು ಒತ್ತಿದೆ.
ಇಲ್ಲಿ ಬೆರಳೇ ಇಲ್ಲ ಎಂದಿತಂತೆ ಯಂತ್ರ.
ಇಪ್ಪತ್ತಾರು ವರ್ಷ ಹುರುಪೆ ಕೆರೆದು
ಕಾದ ಎಣ್ಣೆಗೆ ಮೀನು ಬಿಟ್ಟು
ಗೆರೆಗಳೆಲ್ಲ ಯಾವಾಗ ಹೋದವೋ.
ಮೂವರನ್ನು ಓದಿಸಿದ್ದು, ಮಾಡಿಗೆ ತಗಡು ಹೊದಿಸಿದ್ದು
ಈ ಇಲ್ಲದ ಬೆರಳಿಂದಲೇ ಅಂತ
ಅದಕ್ಕೆ ಹೇಳುವವರು ಯಾರು.

ಸರಿ, ಮುಖ ಇಡೋಣ ಎಂದ.
ಎಡಕ್ಕೆ ತಿರುಗಿ, ಬಲಕ್ಕೆ, ಸ್ವಲ್ಪ ಮೇಲೆ,
ದನದ ಸಂತೆಯಲ್ಲಿ ಹಲ್ಲು ನೋಡುವ ಹಾಗೆ.
ಕೊನೆಗೆ ಕ್ಯಾಮೆರಾ ನನ್ನತ್ತ ತಿರುಗಿಸಿ,
ನೋಡಿ, ಎಷ್ಟು ಚೆಂದ!

ನೋಡಿದೆ.
ಹಾಲು ಹೆಚ್ಚಾದ ಚಹಾದ ಬಣ್ಣದ ಹೆಂಗಸು.
ಕೆನ್ನೆಯಿಂದ ಕಿವಿಯವರೆಗಿನ ಸುಟ್ಟ ಕಲೆ
ಮಾಯ.
ಅದೊಂದಿಲ್ಲದಿದ್ದರೆ ನಾನು ಅಪಿಯೊ.

ಹೇಳಲಿಲ್ಲ ಅಲ್ಲವೇ, ಹುಟ್ಟುವಾಗ ನಾವಿಬ್ಬರು.
ಮೊದಲು ಬಂದವಳು ಅಪಿಯೊ,
ಹಿಂದಿನಿಂದ ಬಂದವಳು ಅಡೊಂಗೊ, ನಾನು.
ಅವಳಿಗಳಿಗೆ ನಮ್ಮಲ್ಲಿ ಹೆಸರು ಹುಡುಕುವ ಕಷ್ಟವಿಲ್ಲ.
ಒಂಬತ್ತು ವರ್ಷದ ಹಿಂದೆ ಇಬ್ಬರದೂ ಒಂದೇ ಒಲೆ.
ಬಾಣಲೆ ಮಗುಚಿತು.
ಅವಳ ಮೊಣಕೈ ತಾಗಿತು ಎನ್ನುತ್ತೇನೆ ನಾನು,
ನೀನೇ ಎಳೆದೆ ಎನ್ನುತ್ತಾಳೆ ಅವಳು,
ನನಗಲ್ಲ, ಗಿರಾಕಿಗಳಿಗೆ.
ಈಗ ಎರಡು ಒಲೆ, ನಡುವೆ ಹನ್ನೆರಡು ಹೆಜ್ಜೆ.

ಆ ಚೆಂದ ತೆಗೆದುಬಿಡಪ್ಪಾ ಎಂದೆ.
ಎಲ್ಲರೂ ಇದನ್ನೇ ಕೇಳಿ ಕೊಳ್ಳುತ್ತಾರೆ ಎಂದು ಗೊಣಗಿ ತೆಗೆದ.
ಕಪ್ಪು ಬಂತು, ಕಲೆ ಬಂತು.

ಮೊದಲ ವಾರ ಗಾಜಿನ ಮೇಲಿನ ಪ್ಲಾಸ್ಟಿಕ್ ಪೊರೆ ಕೀಳಲಿಲ್ಲ.
ನಡುರಾತ್ರಿ ತಲೆದಿಂಬಿನಡಿ ಬೆಳಗಿ ಎಬ್ಬಿಸುತ್ತಿತ್ತು,
ನೈರೋಬಿಯಲ್ಲಿ ಮಳೆ ಅಂತ.
ನೈರೋಬಿಯ ಮಳೆ ಕಟ್ಟಿಕೊಂಡು ನನಗೇನು?
ಸಂಜೆಯಾಗುವಷ್ಟರಲ್ಲಿ ಹಸಿವು ಬೇರೆ;
ಕ್ಷೌರದಂಗಡಿಯಲ್ಲಿ ಚಾರ್ಜಿಗೆ ಇಪ್ಪತ್ತು.
ಐವತ್ತು ಎಂದರೆ ಎಪ್ಪತ್ತು ಎಂದರ್ಥ,
ಅದನ್ನು ಒಗೋಲಾ ಹೇಳಿರಲಿಲ್ಲ.

ಹತ್ತನೆಯ ದಿನ
ಹಲಗೆಯ ಮೇಲೆ ಮರೆತು ದೋಣಿಗೆ ಓಡಿದೆ.
ಬಂದು ನೋಡಿದರೆ ಅಪಿಯೊಳ ಕೈಯಲ್ಲಿ.
ಕೂಗುತ್ತಿತ್ತು, ಎತ್ತಿಕೊಂಡಳಂತೆ,
ಮುಖದ ಹತ್ತಿರ ಹಿಡಿದಳಂತೆ,
ತೆರೆದುಕೊಂಡಿತಂತೆ.
ಇಷ್ಟು ವರ್ಷ ಹೊತ್ತ ಕಲೆ,
ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬೈಯಲು ಬಾಯಿ ತೆರೆದೆ.
ಅವಳು ತಲೆಯೆತ್ತಲಿಲ್ಲ.
ಶಾಲೆಯಲ್ಲಿ ಓದುತ್ತಿದ್ದ ಹಾಗೇ
ತುಟಿ ಅಲುಗಿಸಿ, ಅಕ್ಷರ ಕೂಡಿಸಿ:
ಇವತ್ತಿನ ಐವತ್ತು ಕಟ್ಟಿಲ್ಲ ನೀನು.
ಆರಕ್ಕೆ ಮುಚ್ಚುತ್ತಂತೆ.

ಮೀನು ಹೋಗಿಲ್ಲ ಎಂದೆ.
ಹೂಂ ಎಂದಳು.
ಲಂಗದ ಅಂಚಿಂದ ಗಾಜು ಒರೆಸಿದಳು,
ಎಣ್ಣೆ ಇನ್ನಷ್ಟು ಹರಡಿತು.